ಲೇಪವೂ ಶುಚಿತ್ವವೂ

ಕೋವಿಡ್ ಪಿಡುಗು ಹಬ್ಬಿದ 2020ರಿಂದೀಚೆಗೆ ಶಾಲೆ, ಆಸ್ಪತ್ರೆ, ವಾಹನಗಳನ್ನು ನಡೆಸುವವರ ಮುಂದೆ ಹೊಸ ಬಗೆಯ ಸಾಧನವೊಂದು ಬಂದು ನಿಂತಿದೆ. ಮೇಜು, ಬಾಗಿಲ ಹಿಡಿ, ಮೆಟ್ಟಿಲ ಕಂಬಿಗಳಿಗೆ ಒಮ್ಮೆ ಬಳಿದರೆ ತಿಂಗಳುಗಟ್ಟಲೆ ರೋಗಾಣುಗಳು ಅಲ್ಲಿ ಬದುಕಲಾರವೆಂದು ಹೇಳಲಾಗುವ ಲೇಪವದು. ವಿದ್ಯಾಸಂಸ್ಥೆಗಳ ಹಿತಚಿಂತಕರಾದ ದಾನಿಗಳಿಗೆ ಇದಕ್ಕೆ ನೆರವಾಗಬೇಕೆಂಬ ಉತ್ಸಾಹ ಮೂಡುವುದು ಸಹಜ. ಉತ್ಸಾಹ ಸ್ತುತ್ಯ, ವೆಚ್ಚ ಮಾತ್ರ ವಿಚಾರಾರ್ಹ.

ಇಂತಹ ಲೇಪಗಳಲ್ಲಿ ಪ್ರಚಾರ ಪಡೆದ ಒಂದು ಬಗೆಯೆಂದರೆ ಕ್ವಾಟರ್ನರಿ ಅಮೋನಿಯಂ ಎಂಬ ರಾಸಾಯನಿಕವನ್ನು ಸಿಲೇನ್ ಎಂಬ ಸಿಲಿಕಾನ್ ಸಂಯುಕ್ತದೊಡನೆ ಬೆಸೆದದ್ದು. ಸಿಲೇನ್ ಭಾಗವು ವಸ್ತುವಿನ ಮೇಲ್ಮೈಯನ್ನು ಕಚ್ಚಿ ನಿಲ್ಲುತ್ತದೆ. ಧನವಿದ್ಯುದಂಶವುಳ್ಳ ಇನ್ನೊಂದು ಭಾಗವು ತನ್ನನ್ನು ಸೋಂಕಿದ ಬ್ಯಾಕ್ಟೀರಿಯಾದ ಹೊರಪೊರೆಯನ್ನು ಭೇದಿಸುತ್ತದೆ. ‘ಸೋಂಕಿದ’ ಎಂಬ ಪದವನ್ನು ವಾಚಕರು ಗಮನಿಸಬೇಕು. ಕನ್ನಡದಲ್ಲಿ ಸೋಂಕು ಎಂದರೆ ಮೂಲತಃ ಸ್ಪರ್ಶ. ರೋಗ ತಗಲುವುದೆಂಬ ಅರ್ಥ ಅದರಿಂದ ಬೆಳೆದದ್ದು. ಇಲ್ಲಿ ರೋಗಾಣುವಿನ ನಾಶಕ್ಕೂ ಸೋಂಕೇ ಬೇಕು! ಲೇಪದ ಮೇಲೆ ಧೂಳೋ ಅನ್ನದ ಜಿಡ್ಡೋ ಕುಳಿತರೆ ರೋಗಾಣು ಜಿಡ್ಡಿನ ಮೇಲೆ, ಮದ್ದು ಜಿಡ್ಡಿನ ಕೆಳಗೆ. ಅಲ್ಲದೆ ಕೈಗಳು ಹೆಚ್ಚಾಗಿ ತಗಲುವ ಎಡೆಯಲ್ಲಿಯೇ ಲೇಪವು ಮೊದಲು ಸವೆಯುವುದು.

ತಾಮ್ರ, ಹಿತ್ತಾಳೆಗಳ ಮಾತು ಬೇರೆ. ಸವೆದರೂ ಒಳಗಿರುವುದು ಅದೇ ಲೋಹ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು 2008ರಲ್ಲಿ ತಾಮ್ರದ ಮಿಶ್ರಲೋಹಗಳು 2 ಗಂಟೆಗಳೊಳಗೆ ಶೇಕಡ 99.9ಕ್ಕೂ ಮಿಕ್ಕ ಬ್ಯಾಕ್ಟೀರಿಯಾಗಳನ್ನು ಕೊಲ್ಲುವುವೆಂಬುದನ್ನು ಮಾನ್ಯಮಾಡಿತು. 2020ರ ಪ್ರಯೋಗವೊಂದರಲ್ಲಿ ಕೋವಿಡ್ ವೈರಾಣು ಪ್ಲಾಸ್ಟಿಕ್ಕಿನ ಮೇಲೆ 72 ಗಂಟೆಗಳವರೆಗೂ ಕಂಡುಬಂದರೆ, ತಾಮ್ರದ ಮೇಲೆ 4 ಗಂಟೆಗಳ ಬಳಿಕ ಜೀವಂತವಾಗಿ ಸಿಗಲಿಲ್ಲ. ಹಾಗೆಂದು ನಮ್ಮ ಹಿರಿಯರಿಗೆ ಸೂಕ್ಷ್ಮಾಣುಶಾಸ್ತ್ರವೆಲ್ಲ ಕರತಲಾಮಲಕವಾಗಿತ್ತೆಂದು ಬೀಗುವುದು ಪಾಂಡಿತ್ಯವಲ್ಲ. ಹೊಳಪು ಮಾಸದಿರಲೆಂದು ಹಿತ್ತಾಳೆಗೆ ವಾರ್ನಿಷ್ ಬಳಿದರೆ ಆ ಗುಣವೂ ಮುಚ್ಚಿಹೋಗುತ್ತದೆ. ಇದು ನಿತ್ಯದ ಶುಚಿತ್ವಕ್ಕೆ ಪೂರಕವೇ ಹೊರತು ಬದಲಿಯಲ್ಲವೆಂದು ಮಾರಾಟಗಾರರು ತಿಳಿಸಲೇಬೇಕೆಂದು ಅದೇ ಸಂಸ್ಥೆ ಕಟ್ಟುಮಾಡಿದೆ.

ಆಸ್ಪತ್ರೆಯ ತೀವ್ರನಿಗಾ ಕೊಠಡಿಗಳಲ್ಲಿ ಇಂತಹ ಲೋಹಕ್ಕೆ ಸ್ಥಾನವುಂಟು. ನೂರಾರು ಮಕ್ಕಳು ಒಟ್ಟಿಗೆ ಉಣ್ಣುವ ವಿದ್ಯಾರ್ಥಿನಿಲಯದ ಕೊರತೆಯೇ ಬೇರೆ. ಊಟದ ಗಂಟೆ ಬಾರಿಸಿದೊಡನೆ ನಾಲ್ಕಾರು ನಲ್ಲಿಗಳ ಮುಂದೆ ನೂಕುನುಗ್ಗಲಾದರೆ ಅರ್ಧ ಮಕ್ಕಳು ಕೈ ತೊಳೆಯದೆಯೇ ಪಂಕ್ತಿಗೆ ಓಡುತ್ತಾರೆ. ಆ ಕೈಯೇ ತುತ್ತನ್ನೆತ್ತುವುದು. ಮೇಜಿಗೆ ಬಳಿದ ಲೇಪವು ಅದನ್ನು ತೊಳೆಯಲಾರದು. ಸಾಬೂನಿನಲ್ಲಿಯೂ ವಿಶೇಷ ಮದ್ದು ಬೇಕಿಲ್ಲ. ಟ್ರೈಕ್ಲೋಸಾನ್ ಮೊದಲಾದ 19 ರಾಸಾಯನಿಕಗಳು ಸಾಮಾನ್ಯ ಸಾಬೂನು ನೀರಿಗಿಂತ ಮೇಲೆಂದು ತಯಾರಕರು ಸಿದ್ಧಪಡಿಸದ ಕಾರಣ, ಜನಬಳಕೆಯ ಸಾಬೂನುಗಳಲ್ಲಿ ಅವುಗಳನ್ನು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2016ರಲ್ಲಿ ನಿಷೇಧಿಸಿತು.

ಆದುದರಿಂದ ದಾನಿಗಳಲ್ಲಿ ನನ್ನ ವಿಜ್ಞಾಪನೆಯಿಷ್ಟು: ಮೊದಲು ನಲ್ಲಿ, ನೀರು, ಸಾಬೂನು, ಬಳಿಕ ಗುಡಿಸಿ ಒರೆಸುವವರಿಗೆ ತಕ್ಕ ಸಂಬಳ. ಇವೆಲ್ಲ ಪೂರೈಸಿದ ಮೇಲೆಯೂ ಲೇಪದವರು ಬಂದರೆ ಎರಡು ಪ್ರಶ್ನೆಗಳನ್ನು ಕೇಳೋಣ. ಎಷ್ಟು ಸಲ ಒರೆಸಿದ ಮೇಲೆ ಇದನ್ನು ಪರೀಕ್ಷಿಸಿದಿರಿ? ಪರೀಕ್ಷಿಸಿದವರು ನೀವೋ, ಬೇರೆಯವರೋ?