ಹಿಜಾಮಾಕ್ಕೆ ಬರುವಾಗ ಹಳೆಯ ಫೈಲ್ ತನ್ನಿ



ಚಾಂದ್ರಮಾನ ತಿಂಗಳ 17, 19, 21ನೇ ತಾರೀಖು ಬಂತೆಂದರೆ ತುಮಕೂರಿನ ನಮ್ಮ ದವಾಖಾನೆಯಲ್ಲಿ ಹಿಜಾಮಾಕ್ಕೆ ಬರುವವರ ಸಾಲು ಉದ್ದವಾಗುತ್ತದೆ. ಕುಣಿಗಲ್, ಗುಬ್ಬಿ ಕಡೆಯಿಂದಲೂ ಬರುತ್ತಾರೆ. ಸುನ್ನತ್ ಎಂಬ ಪ್ರೀತಿಯಿಂದ ಬರುತ್ತಾರೆ, ಸಂತೋಷ. ಆದರೆ ಹಳೆಯ ಆಪರೇಷನ್ ಬಗ್ಗೆ ಹೆಚ್ಚಿನವರು ಬಾಯಿ ಬಿಡುವುದಿಲ್ಲ. ಕಪ್ ಹಾಕುವವರಲ್ಲಿ ಹಲವರು ಕೇಳುವುದೂ ಇಲ್ಲ. ನನ್ನ ತಕರಾರು ಇಲ್ಲಿದೆ.

ಗುಬ್ಬಿ ಕಡೆಯ ಹಿರಿಯರೊಬ್ಬರು ನೆತ್ತಿಯ ಮೇಲೆ ನೆಲ್ಲಿಕಾಯಿ ಗಾತ್ರದ ಗಂಟಿನೊಂದಿಗೆ ಬಂದರು. ಎರಡು ತಿಂಗಳಲ್ಲಿ ಬೆಳೆದದ್ದು, ನೋವಿಲ್ಲ. ಯಾವುದೋ ಶಿಬಿರದಲ್ಲಿ, ಕೆಟ್ಟ ರಕ್ತ ಕಟ್ಟಿಕೊಂಡಿದೆ, ಗಂಟಿನ ಮೇಲೇ ಕಪ್ ಹಾಕಿದರೆ ಇಳಿಯುತ್ತದೆ ಎಂದಿದ್ದರಂತೆ. ಬೆರಳಿಟ್ಟು ನೋಡಿದೆ. ಕೊಬ್ಬಿನ ಗಂಟು ಮಿಡಿಯುವುದಿಲ್ಲ. ಇದು ನಬ್ಜ್‌ನಂತೆ ಮಿಡಿಯುತ್ತಿತ್ತು. ಅಂಗಿ ತೆಗೆಸಿದರೆ ಪಕ್ಕೆಯ ಕೆಳಗೆ ಉದ್ದನೆಯ ಹೊಲಿಗೆ ಗುರುತು.

"ಇದೇನು ಚಾಚಾ?"

"ಅದಾ ಹಕೀಂ ಸಾಬ್, ಒಂಬತ್ತು ವರ್ಷ ಆಯ್ತು. ಗಡ್ಡೆ ಅಂತ ಒಂದು ಕಿಡ್ನಿ ತೆಗೆದರು. ಅದು ಮುಗಿದ ಕತೆ."

ಮುಗಿದಿರಲಿಲ್ಲ. ಬೆಂಗಳೂರಿನಲ್ಲಿ ಬಯಾಪ್ಸಿ ಮಾಡಿದಾಗ ನೆತ್ತಿಯ ಗಂಟಿನಲ್ಲಿ ಸಿಕ್ಕಿದ್ದು ಕಿಡ್ನಿಯ ಕ್ಯಾನ್ಸರ್ ಜೀವಕೋಶಗಳು.

ಕಿಡ್ನಿ ಎಲ್ಲಿ, ತಲೆ ಎಲ್ಲಿ ಎಂದು ನೀವು ಕೇಳಬಹುದು. ಹೃದಯ ಪಂಪ್ ಮಾಡುವ ರಕ್ತದ ಸುಮಾರು ಐದನೇ ಒಂದು ಭಾಗ ಕಿಡ್ನಿಗಳಿಗೇ ಹೋಗುತ್ತದೆ. ಅಲ್ಲಿ ಹುಟ್ಟಿದ ಕ್ಯಾನ್ಸರ್ ರಕ್ತನಾಳದ ಒಳಗೇ ಇಳಿದು ಪ್ರಯಾಣ ಹೊರಡುತ್ತದೆ. ಸಾಮಾನ್ಯವಾಗಿ ಶ್ವಾಸಕೋಶ, ಮೂಳೆ, ಯಕೃತ್ತು, ಮೆದುಳಿಗೆ. ಅಪರೂಪಕ್ಕೆ ನೆತ್ತಿಯ ಚರ್ಮ, ಥೈರಾಯ್ಡ್, ಮೂಗಿನ ಒಳಭಾಗ, ಮೇದೋಜೀರಕ ಗ್ರಂಥಿಗೆ. ಆಪರೇಷನ್ ಆಗಿ ಹತ್ತು ವರ್ಷ ಕಳೆದ ಮೇಲೂ ತಲೆ ಎತ್ತಬಹುದು. ಇಂಥ ಗಂಟಿನ ತುಂಬ ರಕ್ತನಾಳಗಳೇ ಇರುತ್ತವೆ. ಬ್ಲೇಡ್ ತಾಗಿಸಿದರೆ ರಕ್ತ ನಿಲ್ಲಿಸುವುದೇ ಕಷ್ಟ. ಆ ಶಿಬಿರದಲ್ಲಿ ಅವರು ಕೂತಿದ್ದರೆ ಏನಾಗುತ್ತಿತ್ತೋ, ಅಲ್ಲಾಹನೇ ಬಲ್ಲ.

ಹೀಗೆ ಬರೆದರೆ ನಮ್ಮವರೇ ಕೆಲವರು, ಯುನಾನಿ ಓದಿ ಆಸ್ಪತ್ರೆಯ ವಕಾಲತ್ತು ಮಾಡುತ್ತೀರಾ ಎನ್ನುತ್ತಾರೆ. ಇಬ್ನ್ ಸೀನಾ ಈ ರೋಗವನ್ನು ಸರತಾನ್, ಅಂದರೆ ಏಡಿ, ಎಂದು ಕರೆದವರು. ಆರಂಭದಲ್ಲೇ ಬೇರು ಸಮೇತ ಕತ್ತರಿಸಿ ತೆಗೆಯಬೇಕು ಎಂದವರೂ ಅವರೇ. ಗಂಟಿನ ಮೇಲೆ ಕಪ್ ಹಾಕುವುದು ಯುನಾನಿಯಲ್ಲ. ಒಂದೇ ಕಿಡ್ನಿ ಉಳಿದವರಿಗೆ ಗೊತ್ತುಗುರಿಯಿಲ್ಲದ ಕುಶ್ತಾ ಕೊಡುವುದೂ ಅಲ್ಲ. ನಮ್ಮ ಔಷಧಿಗಳಲ್ಲೇ ಬರುವ ಜರಾವಂದ್ ಎಂಬ ಬೇರಿನಲ್ಲಿ ಕಿಡ್ನಿ ಕೆಡಿಸುವ, ಕ್ಯಾನ್ಸರ್ ತರುವ ಅಂಶವಿದೆ ಎಂಬುದು ಈಗ ಸಾಬೀತಾದ ವಿಷಯ. ಇದನ್ನು ಹೇಳಲು ನಮಗೆ ಸಂಕೋಚ ಏಕೆ?

ಇನ್ನೊಂದು ಮಾತು. ನೋವಿಲ್ಲದೆ ಮೂತ್ರದಲ್ಲಿ ರಕ್ತ ಬಂದರೆ ಉಷ್ಣ ಎಂದು ಬಾರ್ಲಿ ನೀರು ಕುಡಿದು ಕೂರಬೇಡಿ. ಒಮ್ಮೆ ಕಂಡು ನಿಂತುಹೋದರೂ ಸ್ಕ್ಯಾನಿಂಗ್ ಮಾಡಿಸಿ.

ಚಾಚಾ ಈಗ ಕಿದ್ವಾಯಿ ಆಸ್ಪತ್ರೆಯ ಮಾತ್ರೆಯಲ್ಲಿದ್ದಾರೆ. ಅಲ್ಲಿಗೆ ಹೋಗುವ ಬಿಪಿಎಲ್ ಕುಟುಂಬದವರು ರೇಷನ್ ಕಾರ್ಡ್, ಆಧಾರ್, ಜಿಲ್ಲಾಸ್ಪತ್ರೆಯ ರೆಫರಲ್ ಚೀಟಿ ಇಟ್ಟುಕೊಂಡಿರಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಜೊತೆಗೆ ಹಳೆಯ ಡಿಸ್ಚಾರ್ಜ್ ಕಾಗದ. ಚಾಚಾ ಅವರದ್ದು ಅಕ್ಕಿ ಡಬ್ಬದ ಹಿಂದೆ ಸಿಕ್ಕಿತು, ಅರ್ಧ ಇಲಿ ತಿಂದಿತ್ತು.