ಬಾಡಿಗೆ ಮನೆ ಹಿಡಿದು ನೋಡು
ಜರ್ಮನಿಗೆ ಹೊರಡುವ ನಮ್ಮ ಹುಡುಗರು ಕೆಲಸದ ಬಗ್ಗೆ ತಲೆ ಕೆಡಿಸಿಕೊಂಡಷ್ಟು ಮನೆಯ ಬಗ್ಗೆ ಕೆಡಿಸಿಕೊಳ್ಳುವುದಿಲ್ಲ. 2024ರ ಜೂನ್‌ನಿಂದ ಆ ದೇಶ ‘ಚಾನ್ಸೆನ್‌ಕಾರ್ಟೆ’ ಎಂಬ ಪರವಾನಗಿ ಕೊಡುತ್ತಿದೆ. ಓದು, ಅನುಭವ, ಭಾಷೆ, ವಯಸ್ಸಿಗೆಲ್ಲ ಅಂಕ ಹಾಕಿ, ಕನಿಷ್ಠ 6 ಅಂಕ ಗಿಟ್ಟಿಸಿ ಖರ್ಚಿಗೆ ಹಣ ತೋರಿಸಿದವರಿಗೆ ಒಂದು ವರ್ಷದವರೆಗೆ ಅಲ್ಲೇ ಇದ್ದು ಕೆಲಸ ಹುಡುಕಲು ಬಿಡುತ್ತಾರೆ. ವಾರಕ್ಕೆ 20 ಗಂಟೆ ದುಡಿಯಲೂ ಅಡ್ಡಿಯಿಲ್ಲ. ಕೆಲಸವೇನೋ ಸಿಕ್ಕೀತು, ಮ್ಯೂನಿಕ್‌ನಂಥ ಊರಲ್ಲಿ ಮನೆ ಸಿಗಬೇಕಲ್ಲ! ಮಾಲೀಕ ಸ್ಯಾಲರಿ ಸ್ಲಿಪ್ ಕೇಳುತ್ತಾನೆ, ಜೊತೆಗೆ ‘ಶೂಫಾ’, ಅಂದರೆ ಸಾಲ-ಬಾಕಿಯ ಜಾತಕ. ನಿನ್ನೆ ವಿಮಾನ ಇಳಿದವನಿಗೆ ಎಲ್ಲಿಯ ಜಾತಕ? ಮನೆ ಹೊಕ್ಕ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮಾಲೀಕನ ಪತ್ರ ಬೇಕು. ಆ ಪತ್ರ ಕೊಡಲೊಪ್ಪದ ಅಗ್ಗದ ಕೋಣೆ ಕೊನೆಗೆ ದುಬಾರಿಯೇ: ನೋಂದಣಿಯಿಲ್ಲದೆ ತೆರಿಗೆ ಸಂಖ್ಯೆ ಬರದು, ಅದಿಲ್ಲದಿದ್ದರೆ ಸಂಬಳದಲ್ಲಿ ಹೆಚ್ಚು ತೆರಿಗೆ ಮುರಿದುಕೊಳ್ಳುತ್ತಾರೆ. ಜಾಹೀರಾತಿನ ‘ಕಾಲ್ಟ್‌ಮೀಟೆ’, ಅಂದರೆ ಬರೀ ಬಾಡಿಗೆ, ನೋಡಿ ಹಿಗ್ಗಬೇಡಿ, ಹೀಟರು, ನೀರು, ಕಸದ ಖರ್ಚು ಬೇರೆ. ಎಷ್ಟೋ ಕಡೆ ಅಡುಗೆಮನೆ ಎಂದರೆ ಬರೀ ಗೋಡೆ, ಅದರಿಂದ ಹೊರಚಾಚಿದ ನೀರಿನ ಪೈಪು. ಒಲೆ, ಸಿಂಕು, ಕಪಾಟನ್ನೆಲ್ಲ ಹಿಂದಿನ ಬಾಡಿಗೆದಾರ ಬಿಚ್ಚಿಕೊಂಡು ಹೋಗಿರುತ್ತಾನೆ. (ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಸುಸ್ತಾದವರಿಗೆ ಒಂದು ಸಮಾಧಾನ: ಜರ್ಮನಿಯಲ್ಲಿ ಠೇವಣಿ ಮೂರು ತಿಂಗಳ ಬಾಡಿಗೆ ಮೀರಬಾರದೆಂದು ಕಾನೂನೇ ಇದೆ, ಅದನ್ನೂ ಮೂರು ಕಂತಿನಲ್ಲಿ ಕಟ್ಟಬಹುದು.) ನನ್ನ ಕೇಳಿದರೆ, ಮೊದಲು ನಾಲ್ಕು ಜನ ಹಂಚಿಕೊಂಡಿರುವ ಮನೆಯಲ್ಲಿ ಒಂದು ಕೋಣೆ ಹಿಡಿಯಿರಿ, ‘ನಾನು ಊರಲ್ಲಿಲ್ಲ, ಕೀಲಿ ಕೊರಿಯರ್ ಮಾಡುತ್ತೇನೆ’ ಎನ್ನುವವನಿಗೆ ಮಾತ್ರ ಒಂದು ಯೂರೋ ಕೂಡ ಕಳಿಸಬೇಡಿ.