ಹದಿನೇಳು ತಾಸು ಅಲ್ಲ

ಫೈನಲ್ ಇಯರ್‌ಗೆ ಬಂದ ಮೇಲೆ ಹಾಸ್ಟೆಲ್‌ನಲ್ಲಿ ದಿನಾ ಕೇಳೋ ಮಾತು: "ಅಮೆರಿಕ ಏನ್ ಮಹಾ ದೂರ ಮಗಾ? ಬೆಂಗಳೂರಲ್ಲಿ ವಿಮಾನ ಹತ್ತಿದ್ರೆ ಆಯ್ತು, ಸ್ಯಾನ್ ಫ್ರಾನ್ಸಿಸ್ಕೋ ಬಂದೇ ಬಿಡ್ತು." ಎಂಎಸ್‌ಗೆ ಹೊರಟವರು ಮನೆಯಲ್ಲೂ ಇದನ್ನೇ ಹೇಳ್ತಾರೆ. ಇದು ಅರ್ಧ ಸತ್ಯ ಅನ್ನೋದು ನನ್ನ ಅಭಿಪ್ರಾಯ.

ಮೊದಲು ಸತ್ಯದ ಭಾಗ. ಈ ಎರಡು ಊರುಗಳ ನಡುವಿನ ಅತಿ ಹತ್ತಿರದ ವಿಮಾನದಾರಿ ಸುಮಾರು 14,000 ಕಿ.ಮೀ. ಗೋಡೆ ಮೇಲಿನ ಮ್ಯಾಪ್ ನೋಡಿದ್ರೆ ಪೆಸಿಫಿಕ್ ಸಾಗರವನ್ನ ಅಡ್ಡಕ್ಕೆ ದಾಟಬೇಕು ಅನ್ಸುತ್ತೆ. ಗ್ಲೋಬ್ ಮೇಲೆ ದಾರ ಹಿಡಿದು ನೋಡಿ, ಅದು ಸೈಬೀರಿಯಾ ಮೇಲೆ ಆರ್ಕ್‌ಟಿಕ್ ವೃತ್ತ ದಾಟಿ ಅಲಾಸ್ಕಾ ಕಡೆಯಿಂದ ಇಳಿಯುತ್ತೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಅವರ ಮಹಿಳಾ ತಂಡ ಇನ್ನೂ ಉತ್ತರಕ್ಕೆ ಹೋಗಿ, ಧ್ರುವದ ಮೇಲಿಂದಲೇ ಬೆಂಗಳೂರಿಗೆ ತಂದಿಳಿಸಿತು. ಹಾರಾಟದ ಸಮಯ ಸುಮಾರು 17 ಗಂಟೆ. ಸಲಾಂ ಹೊಡೆಯಲೇಬೇಕಾದ ಕೆಲಸ.

ಉಳಿದರ್ಧ ನನಗೆ ಗೊತ್ತಾಗಿದ್ದು ಅಜ್ಜಿ ತೀರಿಕೊಂಡಾಗ. ಅಣ್ಣ ಸ್ಯಾನ್ ಹೋಸೆಯಲ್ಲಿದ್ದ. ನಮ್ಮನೆ ಶಿರಸಿ ದಾಟಿ ಒಂದು ಹಳ್ಳಿ. "ಎಷ್ಟು ಹೊತ್ತಾಗ್ತದೋ ಅಲ್ಲಿಂದ ಬರಲಿಕ್ಕೆ?" ಅಂತ ಅಜ್ಜಿ ಕೇಳಿದಾಗೆಲ್ಲ ಅವನದ್ದು ಒಂದೇ ಉತ್ತರ: "ಹದಿನೇಳು ತಾಸು ಅಜ್ಜಿ. ಇವತ್ತು ಹೊರಟ್ರೆ ನಾಳೆ ನಿನ್ನ ಮುಂದೆ."

ಆ ದಿನ ನೇರ ವಿಮಾನ ಇರಲಿಲ್ಲ. ಮನೆಯಿಂದ ಏರ್‌ಪೋರ್ಟಿಗೆ 1 ಗಂಟೆ, ಅಲ್ಲಿ ಕಾಯೋಕೆ 3, ನಡುವೆ ಒಂದು ಕಡೆ ವಿಮಾನ ಬದಲಿಸಿ 26, ದೇವನಹಳ್ಳಿಯಲ್ಲಿ ಇಮಿಗ್ರೇಷನ್, ಲಗೇಜು ಅಂತ 2, ಅಲ್ಲಿಂದ ಟ್ಯಾಕ್ಸಿಯಲ್ಲಿ 9. ಒಟ್ಟು 41. ಕಾಯೋಕಾಗಲ್ಲ ಅಂತ ಅಪ್ಪನೇ ಫೋನಲ್ಲಿ ಹೇಳಿದ್ರು. ಅಣ್ಣ ಅಂಗಳಕ್ಕೆ ಬಂದಾಗ ಎಲ್ಲಾ ಮುಗಿದಿತ್ತು. ಅವನು ಸುಳ್ಳು ಹೇಳಿರಲಿಲ್ಲ, ಹಾರೋ ಹೊತ್ತನ್ನೇ ಬರೋ ಹೊತ್ತು ಅಂದುಕೊಂಡಿದ್ದ.

ವಿಡಿಯೋ ಕಾಲ್ ಇದೆಯಲ್ಲ ಅಂತೀರಿ. ಇದೆ. ಆದ್ರೆ ಕಾಲ ಹನ್ನೆರಡೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹದಿಮೂರೂವರೆ. ಇಲ್ಲಿ ಅಮ್ಮ ಸಂಜೆ ದೀಪ ಹಚ್ಚೋವಾಗ ಅಲ್ಲಿ ಇನ್ನೂ ಬೆಳಕೇ ಹರಿದಿರಲ್ಲ. ಮತ್ತೆ ಫೋನಲ್ಲಿ ಹೆಗಲು ಕೊಡೋಕಾಗಲ್ಲ.

ಹೋಗಬೇಡಿ ಅಂತ ನಾನು ಹೇಳ್ತಿಲ್ಲ. ಜಿಆರ್‌ಇಗೆ ನಾನೂ ಓದ್ತಿದ್ದೀನಿ. ಹೋಗೋ ಮುಂಚೆ ಅಪ್ಪ ಅಮ್ಮನ ಜೊತೆ ಕೂತು ಬಾಗಿಲಿಂದ ಬಾಗಿಲಿಗೆ ಲೆಕ್ಕ ಹಾಕಿ ಅಂತಿದ್ದೀನಿ, ಅಷ್ಟೇ. ವೀಸಾ ಸ್ಟಾಂಪಿಂಗ್ ಬಾಕಿ ಇದ್ರೆ ಏನು, ತುರ್ತಿಗೆ ಟಿಕೆಟ್ ದುಡ್ಡು ಎಲ್ಲಿಂದ, ನಾವು ಬರೋತನಕ ಮನೆಯಲ್ಲಿ ಯಾರು ನಿಲ್ತಾರೆ, ಎಲ್ಲಾ ಮೊದಲೇ ಮಾತಾಡಿ. ಆ ಮಾತು ಕಷ್ಟ ನಿಜ. ಆದ್ರೆ ಟ್ಯಾಕ್ಸಿಯಲ್ಲಿ ಕೂತು ಕಳೆಯೋ ಆ ಒಂಬತ್ತು ಗಂಟೆಯಷ್ಟು ಕಷ್ಟ ಅಲ್ಲ.

ನಾಳೆ ಅಮ್ಮ ನನ್ನನ್ನೂ ಕೇಳ್ತಾಳೆ. ಹದಿನೇಳು ತಾಸು ಅನ್ನಲ್ಲ. "ಎರಡು ದಿನ ಅಮ್ಮ, ಅದೂ ಟಿಕೆಟ್ ಸಿಕ್ಕಿದ್ರೆ" ಅಂತೀನಿ.